ಅಣ್ಣಿಗೇರಿಯ ಬುರುಡೆ, ನವಲಗುಂದದ ಕಲ್ಲು

2010ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ಚರಂಡಿಗೆಂದು ನೆಲ ಅಗೆಯುತ್ತಿದ್ದಾಗ ಮನುಷ್ಯರ ತಲೆಬುರುಡೆಗಳು ಸಿಕ್ಕವು. ಒಂದೆರಡಲ್ಲ, ನೂರಾರು. ಯಾರೋ ಕೂತು ಜೋಡಿಸಿಟ್ಟಂತೆ ಸಾಲುಸಾಲಾಗಿದ್ದವು. ಕೆಲವು ತಿಂಗಳು ಪತ್ರಿಕೆಗಳಲ್ಲಿ ಅಣ್ಣಿಗೇರಿಯದೇ ಸುದ್ದಿ. ಮೊದಲ ಕಾರ್ಬನ್ ಪರೀಕ್ಷೆ ಇವು ಆರುನೂರು ವರ್ಷಕ್ಕೂ ಹಳೆಯವು ಎಂದಿತು. ಆಮೇಲಿನ ಪರೀಕ್ಷೆ ಕಾಲವನ್ನು ತೀರಾ ಈಚೆಗೆ ಎಳೆಯಿತು. 1791-92ರ ಸುಮಾರಿನ ಡೋಗಿ ಬರದ ಮಾತು ಬಂತು. ಯುದ್ಧದಲ್ಲಿ ಬಿದ್ದವರೋ, ಅನ್ನವಿಲ್ಲದೆ ಸತ್ತವರೋ ಎಂಬ ವಾದ ಮುಗಿಯುವ ಮೊದಲೇ ಸುದ್ದಿ ತಣ್ಣಗಾಯಿತು.

ಇಂಥದೇ ಒಂದು ಅಗೆತ 1969ರಲ್ಲಿ ದಕ್ಷಿಣ ಕೊರಿಯಾದ ಬಂದರು ನಗರ ಬುಸಾನ್‌ನಲ್ಲಿ ನಡೆಯಿತು. ಬೊಕ್ಚೊನ್ ಗುಡ್ಡದಲ್ಲಿ ಮನೆ ಕಟ್ಟಲು ಹೊರಟವರಿಗೆ ಕೊರಿಯಾದ ಪ್ರಾಚೀನ ಗಯಾ ರಾಜ್ಯಗಳ ಕಾಲದ ಗೋರಿಗಳು ಸಿಕ್ಕವು. ಮುಂದೆ ವರ್ಷಗಟ್ಟಲೆ ಉತ್ಖನನ ನಡೆದು ಕಬ್ಬಿಣದ ಕವಚ, ಶಿರಸ್ತ್ರಾಣ, ಕುದುರೆಯ ಸಾಮಾನು, ರಾಶಿ ರಾಶಿ ಮಣ್ಣಿನ ಗಡಿಗೆಗಳು ಹೊರಬಂದವು. 1996ರಲ್ಲಿ ಅದೇ ಗುಡ್ಡದ ಮಗ್ಗುಲಲ್ಲಿ ಮ್ಯೂಸಿಯಂ ತೆರೆಯಿತು. ಗೋರಿಗಳಿದ್ದ ಜಾಗ ಈಗ ಹುಲ್ಲುಹಾಸು. ಎರಡು ಗೋರಿಗಳನ್ನು ಮಾತ್ರ ಸಿಕ್ಕ ಸ್ಥಿತಿಯಲ್ಲೇ ಕಾಣುವಂತೆ ಮೇಲೊಂದು ಗುಮ್ಮಟ ಕಟ್ಟಿದ್ದಾರೆ. ಸಾಮಾನನ್ನು ಕಟ್ಟಡದೊಳಗೆ ನೋಡಿ, ನಾಲ್ಕು ಹೆಜ್ಜೆ ಹತ್ತಿದರೆ ಅದು ಸಿಕ್ಕ ಕುಣಿಯೇ ಎದುರಿಗೆ.

ಬುಸಾನ್ ಮೂವತ್ತು ಲಕ್ಷ ಜನ ದಾಟಿದ ಶಹರ, ಅಲ್ಲಿ ದುಡ್ಡಿದೆ, ನಮ್ಮ ತಾಲ್ಲೂಕು ಊರಿಗೂ ಅದಕ್ಕೂ ಎಲ್ಲಿಯ ಹೋಲಿಕೆ ಎನ್ನಬಹುದು. ದುಡ್ಡಿನ ಮಾತು ನಿಜ. ಆದರೆ ಅಲ್ಲಿ ಮೊದಲು ಆದ ತೀರ್ಮಾನ ದುಡ್ಡಿನದಲ್ಲ, ಜಾಗದ್ದು: ಸಿಕ್ಕದ್ದನ್ನು ಸಿಕ್ಕಲ್ಲೇ ತೋರಿಸಬೇಕು ಎಂಬುದು. ಧಾರವಾಡ ಜಿಲ್ಲೆಯಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಮ್ಯೂಸಿಯಂಗಳು ಶಹರದಲ್ಲಿವೆ, ನೋಡುವ ವಸ್ತು ಹಳ್ಳಿಗಾಡಿನಲ್ಲಿದೆ.

ಅಣ್ಣಿಗೇರಿಯನ್ನೇ ನೋಡಿ. ಬೆಳವಲ ಮುನ್ನೂರರ ರಾಜಧಾನಿ, ಕಲ್ಯಾಣ ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನ ಆಸರೆ. ಇಲ್ಲಿನ ಅಮೃತೇಶ್ವರ ಗುಡಿ ಸುಮಾರು 1050ರದು. ಅದಕ್ಕೂ ಮೊದಲು ಗಡುಸಾದ ಮರಳುಗಲ್ಲಿನಲ್ಲಿ ಕಟ್ಟುತ್ತಿದ್ದ ಶಿಲ್ಪಿಗಳು ಬಳಪದ ಕಲ್ಲಿಗೆ ಕೈಹಾಕಿದ ಮೊದಲ ಗುಡಿಗಳಲ್ಲಿ ಇದನ್ನು ಎಣಿಸುತ್ತಾರೆ. ಮುಂದೆ ಲಕ್ಕುಂಡಿಯಲ್ಲಿ, ಇಟಗಿಯಲ್ಲಿ ಕಾಣುವ ಸೂಕ್ಷ್ಮ ಕೆತ್ತನೆಗೆ ಕೈ ಪಳಗಿದ್ದು ಈ ಮೆತ್ತನೆಯ ಕಲ್ಲಿನ ಮೇಲೆ. ಎಪ್ಪತ್ತಾರು ಕಂಬಗಳ ಗುಡಿ ಅದು. ಪೂಜೆ ನಡೆಯುತ್ತದೆ, ಪುರಾತತ್ವ ಇಲಾಖೆಯ ರಕ್ಷಣೆಯೂ ಇದೆ. ಆದರೆ ಈ ಕಲ್ಲಿನ ಕಥೆಯನ್ನು ಶಾಲೆಯ ಮಕ್ಕಳಿಗೆ ಬಿಡಿಸಿ ಹೇಳುವ ಒಂದು ಕೋಣೆ ಊರಿಗೆ ಬೇಕು. ಪಂಪನ ತಾಯಿಯ ತವರು ಇದೇ ಊರು ಎನ್ನುವುದಕ್ಕೆ ಆಧಾರವಾದ ಶಾಸನವಂತೂ ನೂರಾರು ಮೈಲಿ ಆಚೆ, ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲಿದೆ. ಪಂಪನ ತಮ್ಮ ಜಿನವಲ್ಲಭ ಬರೆಸಿದ್ದು ಅದು. ಬಂಡೆಯನ್ನು ಹೊತ್ತು ತರಲಾಗದು, ಸರಿ. ಅದರ ಒಂದು ಅಚ್ಚನ್ನು ಅಣ್ಣಿಗೇರಿಯಲ್ಲಿ ತೂಗುಹಾಕಲು ಎಷ್ಟು ಖರ್ಚಾದೀತು?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವ ಕನ್ನಡ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯ ಈ ಭಾಗದ ಹಿರಿಯ ಮ್ಯೂಸಿಯಂ. ಸಂಸ್ಥೆ ಹುಟ್ಟಿದ್ದು 1939ರಲ್ಲಿ, ಮುಂಬಯಿ ಸರ್ಕಾರದ ಕಾಲಕ್ಕೆ; ಮೊದಲ ನಿರ್ದೇಶಕರು ಆರ್.ಎಸ್. ಪಂಚಮುಖಿ. ಆಗ ಊರೂರು ಅಲೆದು ಕಲ್ಲು, ತಾಳೆಗರಿ, ನಾಣ್ಯ ಕೂಡಿಸದಿದ್ದರೆ ಎಷ್ಟೋ ಮೂರ್ತಿಗಳು ಇಂದು ಯಾವುದೋ ಹಿತ್ತಲಿನ ಒಗೆಯುವ ಕಲ್ಲಾಗಿರುತ್ತಿದ್ದವು. ಅಲ್ಲಿಗೆ ಹೋದವರು ಜಿನಬಿಂಬ, ಸಪ್ತಮಾತೃಕೆಯರ ಮುಂದೆ ನಿಂತು ವೀರಗಲ್ಲನ್ನು ದಾಟಿ ಮುಂದೆ ನಡೆಯುವುದುಂಟು. ನಾನಾದರೆ ವೀರಗಲ್ಲಿನ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ಎಷ್ಟೋ ಸಲ ಹಿಂದೆ ದನಗಳ ಸಾಲೂ ಇರುತ್ತದೆ, ತುರು ಕದ್ದವರನ್ನು ತಡೆಯಲು ಹೋದವನ ಕಲ್ಲು ಅದು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲೆ ಒಯ್ಯುತ್ತಾರೆ. ತುದಿಯಲ್ಲಿ ಶಿವಲಿಂಗದೆದುರು ಅವನು ಕೈಮುಗಿದು ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯ ಚಂದ್ರ. ಸತ್ತವನು ಅರಸನಲ್ಲ, ಊರಿನ ಒಬ್ಬ. ಕಲ್ಲು ನೆಟ್ಟದ್ದು ಅವನ ಊರವರು, ಅವರ ಅಗಸಿಯ ಹತ್ತಿರ. ಮ್ಯೂಸಿಯಂನ ಗೋಡೆಗೆ ಒರಗಿದಾಗ ಕಲ್ಲು ಉಳಿಯುತ್ತದೆ, ಅಗಸಿ ಹೋಗುತ್ತದೆ.

ವೀರಗಲ್ಲು ನೆಡುವ ರೂಢಿ ನಿಂತಿಲ್ಲ ಎಂಬುದು ನವಲಗುಂದಕ್ಕೆ ಹೋದರೆ ಗೊತ್ತಾಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರಿಗೆ ಸರ್ಕಾರ ಬೆಟರ್‌ಮೆಂಟ್ ಲೆವಿ ಹೇರಿತ್ತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಕಟ್ಟಬೇಕೆಂದರೆ ಯಾರು ಕೇಳುತ್ತಾರೆ? 1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಕಡೆ ಬಂಡಾಯ ಎದ್ದಿತು, ಗೋಲಿಬಾರ್ ಆಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಎಂಬ ರೈತ ಬಿದ್ದರು. ಅಲ್ಲಿಂದ ಹೊತ್ತಿದ ಕಿಡಿ ರಾಜ್ಯದ ರೈತ ಚಳವಳಿಯಾಯಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬೀಳಲು ಇದೂ ಒಂದು ಕಾರಣ. ಆ ರೈತನ ನೆನಪಿಗೆ ನಿಂತಿರುವ ಕಲ್ಲನ್ನು ಜನ ವೀರಗಲ್ಲು ಎಂದೇ ಕರೆಯುತ್ತಾರೆ. ಪ್ರತಿ ಜುಲೈ 21ಕ್ಕೆ ಹಸಿರು ಶಾಲಿನವರು ಬಂದು ಮಾಲೆ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಆ ವರ್ಷದ ಸರ್ಕಾರವನ್ನು ಬೈಯುತ್ತಾರೆ. ಮಹದಾಯಿ, ಕಳಸಾ ಬಂಡೂರಿ ನೀರಿನ ಕೂಗೂ ಅಲ್ಲಿ ಏಳುತ್ತದೆ. ಧಾರವಾಡದ ಕಲ್ಲಿಗೂ ಇದಕ್ಕೂ ಸಾವಿರ ವರ್ಷದ ಅಂತರ; ಇದರ ಅಗಸಿ ಇನ್ನೂ ಇದೆ.

ಅದೇ ಊರಿನ ಜಮಖಾನದ ಕಥೆ ಬೇರೆ. ಆದಿಲ್‌ಶಾಹಿ ಕಾಲದ ಗದ್ದಲದಲ್ಲಿ ವಿಜಯಪುರ ಬಿಟ್ಟು ಬಂದ ನೇಕಾರರು ಇಲ್ಲಿ ನೆಲೆ ನಿಂತರೆಂದು ಹೇಳುತ್ತಾರೆ. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಮಗ್ಗ ಅಡ್ಡಕ್ಕೆ ಮಲಗಿರುವುದಿಲ್ಲ, ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಬಿಗಿದ ಹಾಸಿನ ಮುಂದೆ ಕೂತು ಬಣ್ಣದ ನೂಲನ್ನು ಬೆರಳಿನಿಂದಲೇ ಹೊಕ್ಕಿಸಿ, ಕಬ್ಬಿಣದ ಪಂಜಾದಿಂದ ಕುಟ್ಟಿ ಕುಟ್ಟಿ ಕೂಡಿಸುತ್ತಾರೆ. ನವಿಲು, ಪಗಡೆಯ ಹಾಸು, ಅಂಚಿನ ಗೆರೆಗಳು ಎಲ್ಲ ಎಣಿಕೆಯ ಮೇಲೆ ನಿಂತ ಲೆಕ್ಕ. ಕಸುಬನ್ನು ಮಗಳಿಗೆ ಕಲಿಸರು, ಸೊಸೆಗೆ ಕಲಿಸುತ್ತಾರೆ ಎಂಬ ಮಾತಿದೆ. ಗುಟ್ಟು ಬೇರೆ ಮನೆಗೆ ಹೋಗಬಾರದಲ್ಲ. ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ನೇಯುವ ಕೈ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಇಂಥದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಜಮಖಾನ ಉಳಿದೀತು, ಪಂಜಾದ ಸಪ್ಪಳ ಉಳಿಯದು. ಇಲ್ಲಿ ಬೇಕಾದದ್ದು ಮ್ಯೂಸಿಯಂ ಅಲ್ಲ, ಕೂಲಿ.

ಕುಂದಗೋಳದಲ್ಲಿ ಕಟ್ಟಡವೇ ನೋಡುವ ವಸ್ತು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಬಂದು ಇಳಿಯುತ್ತಿದ್ದ ನಾಡಗೀರ ವಾಡೆ ಅದು. ಅವರ ಶಿಷ್ಯ ರಾಮಭಾವು ಕುಂದಗೋಳಕರ್ ಮುಂದೆ ಸವಾಯಿ ಗಂಧರ್ವರಾದರು. ಅವರಲ್ಲಿ ಕಲಿಯಲು ಭೀಮಸೇನ ಜೋಶಿ ಈ ಊರಿನಲ್ಲಿದ್ದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಕಟ್ಟಡವೇ ನೋಡುವ ವಸ್ತುವಾದ ಇನ್ನೊಂದು ಜಾಗ ಬುಸಾನ್‌ನಲ್ಲಿದೆ, 1929ರ ಕಟ್ಟಡ. ಜಪಾನಿಯರ ವಸಾಹತು ಕಂಪನಿಯ ಕಚೇರಿಯಾಗಿತ್ತು, ಆಮೇಲೆ ಅಮೆರಿಕದ ಸಾಂಸ್ಕೃತಿಕ ಕೇಂದ್ರವಾಯಿತು, 2003ರಲ್ಲಿ ಮ್ಯೂಸಿಯಂ. ಗೋಡೆ ಅವೇ, ಕಥೆ ಹೇಳುವವರು ಬದಲಾದರು. ನಾಡಗೀರ ವಾಡೆಗೆ ಆ ತೊಂದರೆ ಬರಲಿಲ್ಲ. ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿ ರಾತ್ರಿಯಿಡೀ ಹಾಡಿಸುವ ಪರಂಪರೆ ಬೆಳೆದು ಬಂತು. ಹೋಗುವುದಾದರೆ ಆ ದಿನಗಳಲ್ಲೇ ಹೋಗಬೇಕು, ಬೆಳಗಿನ ರಾಗದವರೆಗೂ ಕೂರಲು ಸಿದ್ಧರಾಗಿಯೇ ಹೋಗಬೇಕು.

ಗಂಗೂಬಾಯಿ ಓಡಾಡುತ್ತಿದ್ದ ಆ ಹಳಿಯ ಚರಿತ್ರೆ ಬೇಕಾದವರಿಗೆ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ ಇದೆ. ನೈರುತ್ಯ ರೈಲ್ವೆ 2020ರಲ್ಲಿ ತೆರೆದದ್ದು. ಹಳೆಯ ಎರಡು ಕಾಟೇಜುಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು, ಒಳಗೆ ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಇತ್ತೀಚಿನವರೆಗಿನ ಸಾಮಾನು ಜೋಡಿಸಿದ್ದಾರೆ. ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಶಾಲೆಯ ಟ್ರಿಪ್ಪಿನವರು ಅದಕ್ಕಿಂತ ಹೆಚ್ಚಾಗಿ ಶಿಗ್ಗಾವಿ ಬಳಿಯ ಗೊಟಗೋಡಿಗೆ ಹೋಗುತ್ತಾರೆ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿಯೇ ಸಿಮೆಂಟಿನಲ್ಲಿ ನಿಂತಿದೆ. ಹಳ್ಳಿಯ ಹುಡುಗರು ಟಿಕೆಟ್ ತೆಗೆದು ಹಳ್ಳಿ ನೋಡಿ ಬರುತ್ತಾರೆ. ನಗಬೇಡಿ, ಅವರ ಮನೆಯಲ್ಲಿ ಈಗ ಎತ್ತಿನ ಬಂಡಿ ಇಲ್ಲ, ಬೀಸುಕಲ್ಲೂ ಇಲ್ಲ.

ಕಲಘಟಗಿಯ ತೊಟ್ಟಿಲನ್ನು ಮಾತ್ರ ಯಾವ ಮ್ಯೂಸಿಯಂಗೂ ಕೊಡಲು ನನಗೆ ಮನಸ್ಸಿಲ್ಲ. ಸಾಗವಾನಿಯ ಹಲಗೆ, ಅರಗಿನ ಬಣ್ಣ, ಸುತ್ತಲೂ ಕೃಷ್ಣನ ಬಾಲಲೀಲೆಯೋ ರಾಮಾಯಣವೋ ಚಿತ್ರವಾಗಿರುತ್ತದೆ. ಚಿತ್ರಗಾರರ ಕೆಲವೇ ಮನೆಗಳಲ್ಲಿ ಉಳಿದ ಕಸುಬು. ಒಂದು ತೊಟ್ಟಿಲು ಒಂದೇ ಕೂಸಿಗೆ ಮುಗಿಯುವುದಿಲ್ಲ. ಅಣ್ಣನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ನೆಂಟರ ಊರಿಗೆ ಹೋಗುತ್ತದೆ. ಕೇಳಿದವರಿಗೆ ‘ಒಯ್ರಿ, ಬಾಣಂತನ ಮುಗದಮ್ಯಾಲೆ ಕಳಸ್ರಿ’ ಎನ್ನುತ್ತಾರೆ, ಬಣ್ಣ ಕೆರೆಯದಂತೆ ಹಳೆಯ ಕೌದಿ ಸುತ್ತಿ ಟಂಟಂ ಏರಿಸುತ್ತಾರೆ.