ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ನೀರಿನ ಸೋರಿಕೆ: ಮೂಲವನ್ನು ಹುಡುಕುವ ಬಗೆ

ಆರೋಗ್ಯವನ್ನು ಕುರಿತ ಲೇಖನಗಳ ನಡುವೆ ಕಾರಿನ ಸೋರಿಕೆಗೆ ಎಲ್ಲಿಯ ಸ್ಥಾನವೆಂದು ಓದುಗರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ದೇಹದಲ್ಲಿ ನೋವು ಕಾಣಿಸಿಕೊಂಡ ಸ್ಥಳವೇ ರೋಗದ ಮೂಲವಾಗಿರಬೇಕೆಂದಿಲ್ಲ ಎಂಬುದನ್ನು ವೈದ್ಯರು ಹೇಗೆ ಬಲ್ಲರೋ, ನೀರು ತೊಟ್ಟಿಕ್ಕುವ ಸ್ಥಳವೇ ನೀರು ಒಳನುಗ್ಗಿದ ಸ್ಥಳವಲ್ಲವೆಂಬುದನ್ನು ಹಳೆಯ ಕಾರುಗಳನ್ನು ಬಲ್ಲವರು ಹಾಗೆಯೇ ಅರಿತಿರುತ್ತಾರೆ. ಮುಂಬಯಿಯ ಮಳೆಗಾಲವನ್ನು ಕಂಡ ನಮಗೂ ಈ ಸತ್ಯ ಅಪರಿಚಿತವಲ್ಲ. ನಮ್ಮ ಮನೆಯ ಗೋಡೆಯಲ್ಲಿ ಒದ್ದೆ ಕಾಣುವುದು ಒಂದು ಮೂಲೆಯಲ್ಲಿ. ತಾರಸಿಯಲ್ಲಿ ಬಿರುಕು ಇರುವುದು ಬೇರೊಂದು ಮೂಲೆಯಲ್ಲಿ. ಇದಲ್ಲದೆ, ಸದಾ ಒದ್ದೆಯಾಗಿರುವ ಕಾರು ಅದರಲ್ಲಿ ಕುಳಿತವರ ಆರೋಗ್ಯಕ್ಕೂ ಪ್ರಾಣಕ್ಕೂ ಸಂಬಂಧಿಸಿದ ವಿಷಯವಾಗಿದೆ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಂಡು ಮೆಚ್ಚಿದವರು ನಮ್ಮಲ್ಲಿ ಅನೇಕರಿರಬಹುದು. ಅಂಥ ವಾಹನಗಳ ಹೊಳಪನ್ನು ಎಲ್ಲರೂ ಕಾಣುತ್ತಾರೆ. ಅವುಗಳ ಬಹುದೊಡ್ಡ ಶತ್ರುವಾದ ನೀರಿನ ಕೆಲಸ ಮಾತ್ರ ಕಣ್ಣಿಗೆ ಬೀಳದಂತೆ ನಡೆಯುತ್ತಿರುತ್ತದೆ.

ಉದಾಹರಣೆಗೆ ಎಂ.ಜಿ.ಬಿ.

ವಿವರಣೆಗೆ ಒಂದು ಕಾರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು ಲೋಕಪ್ರಸಿದ್ಧವಾದುದು. ಅದರ ಎಲ್ಲ ಬಗೆಗಳೂ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಿದ್ದವು. 1798 ಘನ ಸೆಂಟಿಮೀಟರ್ ಎಂಜಿನ್, ಇಬ್ಬರಿಗೆ ಆಸನ, ಮಡಚಬಹುದಾದ ಬಟ್ಟೆಯ ಚಾವಣಿ. ಇದಕ್ಕೆ ಮುಂಚಿನ ಎಂ.ಜಿ.ಎ. ಕಾರಿಗೆ ಪ್ರತ್ಯೇಕವಾದ ಚಾಸಿ ಇದ್ದಿತು. ಎಂ.ಜಿ.ಬಿ.ಗೆ ಅದಿಲ್ಲ, ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಒಡಲೇ ಅದರ ಅಸ್ಥಿಪಂಜರ. ಮೇಲೆ ಗಟ್ಟಿಯಾದ ಚಾವಣಿ ಇಲ್ಲದಿರುವುದರಿಂದ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹರಡಿರುವ ಟೊಳ್ಳಾದ ಹೊಸ್ತಿಲುಪಟ್ಟಿಗಳೇ ಕಾರಿನ ಭಾರದ ಬಹುಭಾಗವನ್ನು ತಾಳಬೇಕು. ಒಳಗೆ ನಿಂತ ನೀರು ಕೊನೆಗೆ ಬಂದು ಸೇರುವುದು ಬಹುಮಟ್ಟಿಗೆ ಈ ಪಟ್ಟಿಗಳ ಆಸುಪಾಸಿಗೇ ಎಂಬುದು ಗಮನಾರ್ಹ.

ನೀರಿಗೆ ಹೊರದಾರಿ ಮುಖ್ಯ

ಕಾರಿನೊಳಕ್ಕೆ ನೀರು ಒಂದು ಹನಿಯೂ ಬರಬಾರದೆಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವವಾಗಿ ತಯಾರಕರ ಉದ್ದೇಶ ಹಾಗಿರಲಿಲ್ಲ. ಕೆಲವು ಕಡೆ ನೀರು ಬರುತ್ತದೆಂಬುದನ್ನು ಒಪ್ಪಿಕೊಂಡೇ, ಅದು ಹೊರಗೆ ಹೋಗಲು ಅವರು ದಾರಿ ಕಲ್ಪಿಸಿದ್ದಾರೆ.

ಬಾಗಿಲನ್ನೇ ನೋಡಿರಿ. ಕಿಟಕಿಯ ಗಾಜು ಇಳಿಯುವ ಸೀಳಿನ ಮೂಲಕ ಮಳೆಯ ನೀರು ಬಾಗಿಲಿನ ಒಡಲೊಳಗೆ ಇಳಿಯುತ್ತದೆ. ಅದು ತಳದ ಸಣ್ಣ ರಂಧ್ರಗಳಿಂದ ಹೊರಕ್ಕೆ ಹರಿಯಬೇಕು. ಒಳಗಿನ ಅಲಂಕಾರದ ಹಲಗೆಯ ಹಿಂಬದಿಯಲ್ಲಿರುವ ಪ್ಲಾಸ್ಟಿಕ್ ಹಾಳೆ ಆ ನೀರು ಕಾರಿನೊಳಕ್ಕೆ ಬಾರದಂತೆ ತಡೆಯುತ್ತದೆ. ಧೂಳಿನಿಂದ ರಂಧ್ರ ಮುಚ್ಚಿದರೆ ಬಾಗಿಲು ತೊಟ್ಟಿಯಾಗುತ್ತದೆ. ಹಾಳೆ ಹರಿದರೆ ನೆಲದ ಜಮಖಾನೆ ನೆನೆಯುತ್ತದೆ. ಬಾಗಿಲನ್ನು ಮೆಲ್ಲನೆ ಅಲುಗಿಸಿದಾಗ ನೀರಿನ ಸದ್ದು ಕೇಳಿದರೆ ಮೊದಲನೆಯ ದೋಷವನ್ನು ತಿಳಿಯಬಹುದು.

ಎರಡನೆಯ ಉದಾಹರಣೆ ಗಾಳಿಪೆಟ್ಟಿಗೆ. ಮುಂದಿನ ಗಾಜಿನ ಬುಡದಲ್ಲಿ ಒಂದು ಜಾಲರಿಯುಂಟು. ಹೀಟರಿಗೆ ಬೇಕಾದ ಗಾಳಿ ಅದರ ಮೂಲಕ ಒಳಬರುತ್ತದೆ. ಗಾಳಿಯೊಡನೆ ಮಳೆಯ ನೀರೂ ಬೀಳುತ್ತದೆ. ಆ ನೀರು ಒಂದು ರಬ್ಬರ್ ಕೊಳವೆಯ ಮೂಲಕ ಕೆಳಗಿಳಿದು ನೆಲವನ್ನು ಸೇರಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಉದುರಿದ ಎಲೆಗಳು ಈ ಕೊಳವೆಯನ್ನು ಮುಚ್ಚುತ್ತವೆ. ಆಗ ನೀರು ಪೆಟ್ಟಿಗೆಯಲ್ಲಿ ಏರಿ, ಹೀಟರಿನ ದಾರಿಯಿಂದಲೇ ಪ್ರಯಾಣಿಕರ ಕಾಲ ಬಳಿಗೆ ಸುರಿಯುತ್ತದೆ. ಮಾಲೀಕರು ಗಾಜಿನ ರಬ್ಬರನ್ನು ಶಂಕಿಸಿ ಹೊಸದನ್ನು ಹಾಕಿಸುತ್ತಾರೆ. ಸೋರಿಕೆ ಮಾತ್ರ ಮುಂದುವರಿಯುತ್ತದೆ. ಆದುದರಿಂದ ಮುಚ್ಚುವುದಕ್ಕೆ ಮೊದಲು ತೆರೆಯಬೇಕಾದುದನ್ನು ತೆರೆಯಿರಿ ಎಂಬುದೇ ಈ ವಿಷಯದಲ್ಲಿ ಮೊದಲ ಸೂತ್ರ.

ಒದ್ದೆ ಯಾವುದರಿಂದ?

ಜಮಖಾನೆ ತೇವವಾಗಿದೆಯೆಂದ ಮಾತ್ರಕ್ಕೆ ಅದು ಮಳೆಯ ನೀರೇ ಎಂದು ನಿರ್ಧರಿಸಲಾಗದು. ಬಿಳಿಯ ಬಟ್ಟೆಯಿಂದ ಒತ್ತಿ ನೋಡಬೇಕು. ಬಣ್ಣವೂ ವಾಸನೆಯೂ ಇಲ್ಲದಿದ್ದರೆ ಬಹುಶಃ ಮಳೆಯ ನೀರು. ಬಣ್ಣವಿದ್ದು, ಅಂಟಂಟಾಗಿ, ಸಿಹಿಯಾದ ವಾಸನೆಯಿದ್ದರೆ ಅದು ಎಂಜಿನನ್ನು ತಂಪುಗೊಳಿಸುವ ಕೂಲಂಟ್. ಹೀಟರಿನೊಳಗಿನ ಚಿಕ್ಕ ರೇಡಿಯೇಟರ್ ತೂತಾಗಿದೆಯೆಂದು ಅರ್ಥ. ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಅದರ ರುಚಿ ಸಿಹಿಯಾದುದರಿಂದ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ ಹೆಚ್ಚು. ನಾಲಗೆಯಿಂದ ಪರೀಕ್ಷಿಸುವ ಸಾಹಸ ಎಂದಿಗೂ ಕೂಡದು.

ಪೆಡಲುಗಳ ಬಳಿ ಎಣ್ಣೆಯಂತೆ ಜಾರುವ ದ್ರವವಿದ್ದು, ಅಲ್ಲಿಯ ಬಣ್ಣ ಮೆತ್ತಗಾಗಿ ಏಳುತ್ತಿದ್ದರೆ ಅದು ಬ್ರೇಕ್ ಎಣ್ಣೆ. ಅಂಥ ಕಾರನ್ನು ದುರಸ್ತಿಯಾಗುವವರೆಗೆ ರಸ್ತೆಗೆ ಇಳಿಸಲೇಬಾರದು.

ಒದ್ದೆ ಯಾವಾಗ?

ಮುಂದಿನ ಪ್ರಶ್ನೆ ಕಾಲವನ್ನು ಕುರಿತದ್ದು. ನಿಂತ ಕಾರಿನ ಮೇಲೆ ಮಳೆ ಬಿದ್ದಾಗ ಮಾತ್ರ ಒದ್ದೆಯಾದರೆ ದೋಷ ಮೇಲ್ಭಾಗದಲ್ಲಿದೆ: ಚಾವಣಿಯ ಅಂಚು, ಮುಂದಿನ ಗಾಜು, ಬಾಗಿಲು ಅಥವಾ ಗಾಳಿಪೆಟ್ಟಿಗೆ. ಒದ್ದೆ ರಸ್ತೆಯಲ್ಲಿ ಓಡಿಸಿದಾಗ ಮಾತ್ರ ನೀರು ಬಂದರೆ ಚಕ್ರಗಳು ಚಿಮ್ಮಿಸಿದ ನೀರು ಕೆಳಗಿನಿಂದ ನುಗ್ಗುತ್ತಿದೆ. ನೆಲದ ತಗಡಿನ ರಬ್ಬರ್ ಬಿರಡೆಗಳನ್ನೂ, ತಂತಿ ಮತ್ತು ಕೇಬಲ್ಲುಗಳು ಹಾದುಹೋಗುವ ರಂಧ್ರಗಳ ರಬ್ಬರ್ ಉಂಗುರಗಳನ್ನೂ ನೋಡಬೇಕು. ಮಳೆಯೇ ಇಲ್ಲದಾಗ ಒದ್ದೆಯಾದರೆ ಕೂಲಂಟನ್ನು, ಇಲ್ಲವೆ ಮುಚ್ಚಿದ ಶೆಡ್ಡಿನಲ್ಲಿ ತಣ್ಣನೆಯ ತಗಡಿನ ಮೇಲೆ ಕಟ್ಟುವ ಗಾಳಿಯ ತೇವವನ್ನು ಶಂಕಿಸಬೇಕು. ಒಂದು ತಿಂಗಳ ಕಾಲ ಚಿಕ್ಕ ಪುಸ್ತಕವೊಂದರಲ್ಲಿ ದಿನಾಂಕ, ಮಳೆ, ಕಾರು ನಿಂತ ಇಳಿಜಾರು ಮತ್ತು ಒದ್ದೆಯಾದ ಸ್ಥಳವನ್ನು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ.

ಪರೀಕ್ಷೆಯ ಕ್ರಮ

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ತಾಳೆಪಟ್ಟಿಯ ಕಷ್ಟ ಚೆನ್ನಾಗಿ ಗೊತ್ತು. ವ್ಯತ್ಯಾಸ ಗೋಚರಿಸುವುದು ಪಟ್ಟಿಯ ಕೊನೆಯಲ್ಲಿ. ತಪ್ಪು ಅಡಗಿರುವುದು ಯಾವುದೋ ದಿನದ ಯಾವುದೋ ನಮೂದಿನಲ್ಲಿ. ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಪುಸ್ತಕ ಮುಚ್ಚಿದರೆ ಪಟ್ಟಿ ತಾಳೆಯಾಗುತ್ತದೆಯೇ ಹೊರತು ತಪ್ಪು ತಿದ್ದಿದಂತಾಗುವುದಿಲ್ಲ. ಕಂಡಕಂಡಲ್ಲಿ ಅಂಟುಮೇಣ ಬಳಿಯುವುದೂ ಇಂಥದೇ. ಅದು ನೀರನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಹಲವು ವೇಳೆ ಹೊರಹರಿವಿನ ರಂಧ್ರಗಳನ್ನೇ ಮುಚ್ಚಿಬಿಡುತ್ತದೆ. ಮುಂದೆ ನಿಜವಾದ ಮೂಲವನ್ನು ಹುಡುಕುವವನಿಗೆ ಗುರುತೇ ಸಿಗದಂತಾಗುತ್ತದೆ.

ಸರಿಯಾದ ಕ್ರಮ ಇಂತಿದೆ:

1. ಜಮಖಾನೆ, ಅದರಡಿಯ ಮೆತ್ತೆ ಮತ್ತು ಪಕ್ಕದ ಹಲಗೆಗಳನ್ನು ತೆಗೆದು ಬರಿಯ ತಗಡನ್ನು ಪೂರ್ಣವಾಗಿ ಒಣಗಿಸಬೇಕು.

2. ಎಲ್ಲ ಹೊರಹರಿವಿನ ರಂಧ್ರಗಳನ್ನೂ ಕೊಳವೆಗಳನ್ನೂ ಮೃದುವಾದ ಪ್ಲಾಸ್ಟಿಕ್ ಕಡ್ಡಿಯಿಂದ ಶುದ್ಧಪಡಿಸಬೇಕು. ಬಳಿಕ ಒಂದು ಲೋಟ ನೀರನ್ನು ಗಾಳಿಪೆಟ್ಟಿಗೆಯ ಜಾಲರಿಯೊಳಕ್ಕೆ ಸುರಿದು, ಅದು ಕಾರಿನಡಿಯಲ್ಲಿ ಬೀಳುತ್ತದೆಯೇ ಎಂದು ನೋಡಬೇಕು.

3. ಒಣಗಿದ ತಗಡಿನ ಮೇಲೆ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಬೇಕು. ನೀರು ಹರಿದ ಜಾಡು ಅದರ ಮೇಲೆ ಗೆರೆಯಂತೆ ಮೂಡುತ್ತದೆ.

4. ಒಬ್ಬರು ಬ್ಯಾಟರಿ ದೀಪದೊಡನೆ ಒಳಗೆ ಕುಳಿತಿರಬೇಕು. ಇನ್ನೊಬ್ಬರು ಹೊರಗಿನಿಂದ ಕೊಳಾಯಿಯ ಸಣ್ಣ ಧಾರೆಯನ್ನು ಬಿಡಬೇಕು. ರಭಸದ ನೀರು ಬೇಡ. ಅದು ಮಳೆ ಹೋಗದ ಕಡೆಗೂ ನುಗ್ಗಿ ಸುಳ್ಳು ಸಾಕ್ಷ್ಯ ಹೇಳುತ್ತದೆ.

5. ಧಾರೆಯನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಒಯ್ಯಬೇಕು. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲೆಡೆಗೂ ಹರಿದು, ಯಾವ ಕೀಲು ದೋಷಿಯೆಂಬುದು ತಿಳಿಯುವುದಿಲ್ಲ. ಒಂದೊಂದು ಸ್ಥಳಕ್ಕೂ ಹತ್ತು ನಿಮಿಷವಾದರೂ ಕಾಯಬೇಕು.

6. ಶಂಕೆಯಿರುವ ಕೀಲಿನ ಮೇಲೆ ಅಂಟುಪಟ್ಟಿ ಹಚ್ಚಿ ಮತ್ತೆ ಪರೀಕ್ಷಿಸಬೇಕು. ಸೋರಿಕೆ ನಿಂತರೆ ಅದೇ ಮೂಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮೀರಬಾರದು.

ಎಂ.ಜಿ.ಬಿ.ಯಲ್ಲಿ ವಿಶೇಷವಾಗಿ ನೋಡಬೇಕಾದ ಸ್ಥಳಗಳೆಂದರೆ ಮುಂದಿನ ಗಾಜಿನ ಚೌಕಟ್ಟಿನ ಕೆಳಗಿನ ರಬ್ಬರು, ಚೌಕಟ್ಟಿನ ಕಂಬಗಳು ಒಡಲಿಗೆ ಸೇರುವ ಬುಡ, ವೈಪರುಗಳ ದಂಡದ ಬುಡದ ರಬ್ಬರು, ಚಾವಣಿಯ ಮುಂಬದಿಯ ಅಂಚು ಹಾಗೂ ಡಿಕ್ಕಿಯ ಮುಚ್ಚಳದ ಸುತ್ತಲಿನ ರಬ್ಬರು. ರಬ್ಬರಿಗೂ ವಯಸ್ಸಾಗುತ್ತದೆ. ಬಿಸಿಲಿನಿಂದ ಅದು ಗಟ್ಟಿಯಾಗಿ, ಒತ್ತಿದರೆ ಮರಳಿ ಏಳುವ ಗುಣವನ್ನು ಕಳೆದುಕೊಳ್ಳುತ್ತದೆ. ಬಾಗಿಲಿನ ರಬ್ಬರಿನ ನಡುವೆ ಕಾಗದದ ಪಟ್ಟಿಯೊಂದನ್ನಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಹಿಡಿತವಿಲ್ಲ. ಆದರೆ ಹೊಸ ರಬ್ಬರು ತರುವ ಮೊದಲು ಬಾಗಿಲೇ ಜೋತುಬಿದ್ದಿದೆಯೇ ಎಂಬುದನ್ನು ನೋಡುವುದು ಅವಶ್ಯ.

ಉದಾಸೀನದ ಬೆಲೆ

ನೆನೆದ ಜಮಖಾನೆಯಿಂದ ಏನು ಮಹಾ ಹಾನಿ ಎನ್ನುವವರುಂಟು. ಮೊದಲನೆಯದಾಗಿ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಹೊಸ್ತಿಲುಪಟ್ಟಿಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಅವು ಶಿಥಿಲವಾದಾಗ ಕಾರು ನಡುವಿನಲ್ಲಿ ಬಗ್ಗುತ್ತದೆ. ಬಾಗಿಲಿನ ಸಂದು ಕಿರಿದಾಗುತ್ತದೆ. ಜ್ಯಾಕ್ ಕೊಟ್ಟು ಎತ್ತಿದಾಗ ಬಾಗಿಲು ಬಿಗಿದುಕೊಳ್ಳುತ್ತದೆ. ಅಪಘಾತವಾದರೆ ಅಂಥ ಒಡಲು ಪ್ರಯಾಣಿಕರನ್ನು ಕಾಪಾಡಲಾರದು. ತುಕ್ಕಿನಿಂದ ನಾಶವಾದ ಕಾರುಗಳಿಗಾಗಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು 1988ರಿಂದ ಎಂ.ಜಿ.ಬಿ.ಯ ಪೂರ್ಣ ಒಡಲನ್ನೇ ಹೊಸದಾಗಿ ತಯಾರಿಸತೊಡಗಿತು ಎಂಬುದರಿಂದ ಈ ರೋಗದ ವ್ಯಾಪ್ತಿಯನ್ನು ಊಹಿಸಬಹುದು.

ಎರಡನೆಯದಾಗಿ, ಒದ್ದೆಯಾದ ಮೆತ್ತೆಯಲ್ಲಿ ಬೂಷ್ಟು ಬೆಳೆಯುತ್ತದೆ. ಮನೆಗಳ ತೇವ ಮತ್ತು ಬೂಷ್ಟು ಉಬ್ಬಸವನ್ನು ಹೆಚ್ಚಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಎಚ್ಚರಿಸಿದೆ. ಮನೆಗಿಂತಲೂ ಇಕ್ಕಟ್ಟಾದ ಕಾರಿನಲ್ಲಿ ಉಬ್ಬಸದ ರೋಗಿಗಳು ಇನ್ನಷ್ಟು ಜಾಗರೂಕರಾಗಿರಬೇಕು. ಕಮಟು ವಾಸನೆಯನ್ನು ಸುಗಂಧದಿಂದ ಮುಚ್ಚಿದರೆ ಬೂಷ್ಟು ಸಾಯುವುದಿಲ್ಲ, ಮೆತ್ತೆಯನ್ನೇ ಬದಲಾಯಿಸಬೇಕು.

ಮೂರನೆಯ ಅಪಾಯ ಎಲ್ಲಕ್ಕಿಂತ ಘೋರವಾದುದು. ನೀರು ಬರುವ ರಂಧ್ರದಿಂದ ಹೊಗೆಯೂ ಬರಬಲ್ಲದು. ಎಂಜಿನ್ನಿನ ಕಡೆಯ ಗೋಡೆಯಲ್ಲಿ, ನೆಲದ ತಗಡಿನಲ್ಲಿ ಅಥವಾ ಡಿಕ್ಕಿಯ ಅಂಚಿನಲ್ಲಿ ಬಿರುಕಿದ್ದು, ಸೈಲೆನ್ಸರಿನ ಕೊಳವೆಯೂ ಶಿಥಿಲವಾಗಿದ್ದರೆ, ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆಗಳನ್ನು ಪ್ರಯಾಣದ ಆಯಾಸವೆಂದು ಭಾವಿಸಿ ಮುಂದುವರಿದರೆ ಪ್ರಾಣಕ್ಕೇ ಸಂಚಕಾರ. ಚಾವಣಿ ಹಾಕಿ ಓಡಿಸುವಾಗ ಇಂಥ ಲಕ್ಷಣ ತೋರಿದರೆ ತಕ್ಷಣ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹೊರಗಿನ ಗಾಳಿಗೆ ಬರಬೇಕು. ತಡಮಾಡದೆ ವೈದ್ಯರಿಗೂ ತೋರಿಸಬೇಕು.

ಉಪಸಂಹಾರ

ನಮ್ಮಲ್ಲಿ ಸ್ಪೋರ್ಟ್ಸ್ ಕಾರಿನ ಒಡೆಯರು ವಿರಳ. ಆದರೆ ಬಾಗಿಲಿನ ರಂಧ್ರಗಳೂ ಗಾಜಿನ ಬುಡದ ಜಾಲರಿಯೂ ಸಾಮಾನ್ಯ ಕಾರುಗಳಲ್ಲಿಯೂ ಉಂಟು. ಮಳೆಗಾಲಕ್ಕೆ ಮುನ್ನ ಒಂದು ಭಾನುವಾರದ ಬೆಳಗನ್ನು ಅವುಗಳನ್ನು ಶುದ್ಧಪಡಿಸಲು ಮೀಸಲಿಟ್ಟರೆ ಗ್ಯಾರೇಜಿನ ದೊಡ್ಡ ಬಿಲ್ಲು ತಪ್ಪೀತು. ಖರ್ಚು ಏನೂ ಇಲ್ಲ, ಬೇಕಾದುದು ತಾಳ್ಮೆಯೊಂದೇ. ಒದ್ದೆಯನ್ನು ಒರೆಸುವುದರಲ್ಲಿ ತೃಪ್ತರಾಗದೆ, ಅದು ಬಂದ ದಾರಿಯನ್ನು ಹಿಂಬಾಲಿಸಿ ಮೂಲದವರೆಗೆ ಹೋಗುವವರಿಗೆ ಹಳೆಯ ಕಾರು ಬಹುಕಾಲ ಸೇವೆ ಸಲ್ಲಿಸುತ್ತದೆ.