ಶಲ್ಕ ಕೀಟ: ಗುರುತು ತಪ್ಪಿದರೆ ಖರ್ಚು ವ್ಯರ್ಥ

ಪಡುಬಿದ್ರಿ, ಕಾಪು, ಕಾರ್ಕಳ ಪರಿಸರದ ತೋಟಗಳಲ್ಲಿ ಎಲೆಗಳ ಮೇಲೆ ಮಸಿ ಬಳಿದಂತಹ ಕಪ್ಪು ಪದರ ಕಾಣಿಸಿಕೊಂಡಾಗ, ಬೆಳೆಗಾರರು ಮೊದಲು ಧಾವಿಸುವುದು ಕೃಷಿ ಸಾಮಗ್ರಿ ಮಳಿಗೆಗೆ. ಈ ಮಸಿಯು ಶಿಲೀಂಧ್ರವೇ ಆದರೂ ಹಾನಿಯ ಮೂಲ ಅದಲ್ಲ. ರಸ ಹೀರುವ ಕೀಟಗಳು ವಿಸರ್ಜಿಸುವ ಸಿಹಿಯಾದ ಅಂಟುದ್ರವದ ಮೇಲೆ ಅದು ಬೆಳೆಯುತ್ತದೆ. ಆದುದರಿಂದ ಶಿಲೀಂಧ್ರನಾಶಕವನ್ನಷ್ಟೇ ಮಾರಿದರೆ ಗ್ರಾಹಕನ ಹಣವೂ ವ್ಯಾಪಾರಿಯ ಹೆಸರೂ ಒಟ್ಟಿಗೆ ಹಾಳಾಗುತ್ತವೆ.

ವರ್ಗೀಕರಣ

ಶಲ್ಕ ಕೀಟಗಳಲ್ಲಿ ಹಲವು ಕುಟುಂಬಗಳಿವೆ. ಗಟ್ಟಿ ಶಲ್ಕ ಕೀಟದ ಚಿಪ್ಪು ದೇಹದಿಂದ ಪ್ರತ್ಯೇಕವಾದುದು. ಸೂಜಿಯ ಮೊನೆಯಿಂದ ಅದನ್ನು ಎತ್ತಿ ತೆಗೆಯಬಹುದು. ಅದು ಅಂಟುದ್ರವವನ್ನು ಸ್ರವಿಸುವುದಿಲ್ಲ. ಮೃದು ಶಲ್ಕ ಕೀಟಗಳಿಗೆ ಬೆನ್ನಿನ ಚರ್ಮವೇ ಹೊದಿಕೆ. ಇವು 'ಕಾಕ್ಸಿಡೇ' ಕುಟುಂಬಕ್ಕೆ ಸೇರಿವೆ. 'ಕಾಕಸ್' ಎಂಬ ಕುಲನಾಮವನ್ನು ಲಿನೇಯಸ್ 1758ರಲ್ಲಿ ನೀಡಿದನು. ಕಾಫಿ ಬೆಳೆಗಾರರನ್ನು ಕಾಡುವ ಹಸಿರು ಶಲ್ಕ ಕೀಟ 'ಕಾಕಸ್ ವಿರಿಡಿಸ್' ಈ ಕುಲದ್ದೇ. ಇದನ್ನು 1889ರಲ್ಲಿ ಸಿಲೋನಿನಲ್ಲಿ ಇ. ಇ. ಗ್ರೀನ್ ವಿವರಿಸಿದರು. ದೇಶದ ಕಾಫಿಯ ಸುಮಾರು ಶೇ. 70ರಷ್ಟು ಕರ್ನಾಟಕದಲ್ಲಿ ಬೆಳೆಯುವುದರಿಂದ ಈ ಕೀಟವು ಘಟ್ಟದ ಮೇಲಿನವರಿಗೆ ಮಾತ್ರವಲ್ಲದೆ ಕರಾವಳಿಯ ಕಾಫಿ ವರ್ತಕರಿಗೂ ಸಂಬಂಧಿಸಿದ್ದಾಗಿದೆ.

ಮರದಾಟಿಕೆಗಳಿಗೆ ಬಣ್ಣದ ಮೆರುಗು ಕೊಡುವ ಅರಗಿನ ಕೀಟವೂ ಶಲ್ಕ ಕೀಟಗಳ ಬಳಗದ್ದೇ. ಒಂದೇ ಬಳಗದಲ್ಲಿ ನಷ್ಟವೂ ಇದೆ, ಲಾಭವೂ ಇದೆ.

ದೇಹರಚನೆ

ಬೆಳೆದ ಹೆಣ್ಣು ಹಸಿರು ಶಲ್ಕ ಕೀಟವು ಸುಮಾರು 3 ಮಿ.ಮೀ. ಉದ್ದದ, ಚಪ್ಪಟೆಯಾದ, ಅಂಡಾಕಾರದ, ತಿಳಿಹಸಿರು ಜೀವಿ. ರೆಕ್ಕೆಗಳಿಲ್ಲ. ಪಾರದರ್ಶಕ ಬೆನ್ನಿನಲ್ಲಿ ಕುಣಿಕೆಯಾಕಾರದ ಕಪ್ಪು ಚುಕ್ಕೆಗಳ ಸಾಲು ಕಾಣುವುದು ಇದರ ಮುಖ್ಯ ಗುರುತು. ನೂಲಿನಷ್ಟು ಸಪೂರವಾದ ಬಾಯಿಯ ಸೂಜಿಗಳನ್ನು ಎಲೆಯೊಳಗೆ ಚುಚ್ಚಿ ಆಹಾರನಾಳದ ರಸವನ್ನು ಹೀರುತ್ತದೆ. ಹಿಂಭಾಗದ ಸೀಳಿನಲ್ಲಿರುವ ಎರಡು ತ್ರಿಕೋನ ಫಲಕಗಳ ನಡುವಿನಿಂದ ಹೆಚ್ಚುವರಿ ಸಕ್ಕರೆಯು ಅಂಟಾಗಿ ಹೊರಬರುತ್ತದೆ. ಅದಕ್ಕಾಗಿ ಬರುವ ಇರುವೆಗಳು ಕೀಟಕ್ಕೆ ಕಾವಲಾಗಿ ನಿಲ್ಲುತ್ತವೆ. ಗಂಡುಗಳು ಅತಿ ವಿರಳ. ಹೆಣ್ಣು ಗಂಡಿನ ನೆರವಿಲ್ಲದೆಯೇ ಸಂತತಿ ಬೆಳೆಸುತ್ತದೆ. ಒಂದು ಕೀಟ ಉಳಿದರೂ ಬಾಧೆ ಮರುಕಳಿಸಲು ಸಾಕು.

ನಿಯಂತ್ರಣ

ಈ ರಚನೆಯಿಂದಲೇ ಪರಿಹಾರವೂ ತಿಳಿಯುತ್ತದೆ. ಎಲೆಯಡಿಯಲ್ಲಿ ಅಂಟಿ ಕುಳಿತ ಬೆಳೆದ ಕೀಟಕ್ಕಿಂತ, ಹೊಸದಾಗಿ ಹೊರಬಂದು ಹರಿದಾಡುವ ಮರಿಗಳ ಮೇಲೆ ಸಿಂಪಡಣೆ ಹೆಚ್ಚು ಪರಿಣಾಮಕಾರಿ. ಇರುವೆಗಳನ್ನು ತಡೆಯದಿದ್ದರೆ ಸ್ವಾಭಾವಿಕ ಶತ್ರುಗಳಿಗೆ ಅವಕಾಶ ದೊರೆಯದು. ಮಳೆಗಾಲದ ತೇವದಲ್ಲಿ 'ಲೆಕಾನಿಸಿಲಿಯಂ ಲೆಕಾನಿ' ಎಂಬ ಉಪಕಾರಿ ಶಿಲೀಂಧ್ರವು ಕೀಟದ ಸುತ್ತ ಬಿಳಿ ಅಂಚು ಕಟ್ಟಿ ಅದನ್ನು ಕೊಲ್ಲುತ್ತದೆ. ಆಗ ವಿವೇಚನೆಯಿಲ್ಲದೆ ಶಿಲೀಂಧ್ರನಾಶಕ ಬಳಸಿದರೆ ಮಿತ್ರನೇ ನಾಶವಾಗಬಹುದು.

ಗುರಿ ತಪ್ಪಿದ ಹೂಡಿಕೆಗೆ ಚರಿತ್ರೆಯಲ್ಲಿಯೂ ನಿದರ್ಶನವಿದೆ. ಹಸಿರು ಶಲ್ಕ ಕೀಟದ ಹತೋಟಿಗೆಂದು 1898ರಲ್ಲಿ ಆಸ್ಟ್ರೇಲಿಯದಿಂದ 'ಕ್ರಿಪ್ಟೋಲೀಮಸ್' ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತರಲಾಯಿತು. ಅದು ಖ್ಯಾತಿ ಗಳಿಸಿದ್ದು ಮಾತ್ರ ಹಿಟ್ಟು ತಿಗಣೆಯ ಭಕ್ಷಕನಾಗಿ.

ವರ್ತಕರ ಗಮನಕ್ಕೆ

ಎಲ್ಲ ಮಸಿಯೂ ಶಲ್ಕ ಕೀಟದ್ದಲ್ಲ. ತೆಂಗಿನ ಗರಿಯ ಮಸಿಗೆ, ಭಾರತದಲ್ಲಿ 2016ರಲ್ಲಿ ಮೊದಲು ಗುರುತಿಸಲಾದ ಸುರುಳಿ ಬಿಳಿನೊಣವೂ ಕಾರಣವಾಗಿರಬಹುದು. ಮಳಿಗೆಯಲ್ಲಿ ಹತ್ತು ಪಟ್ಟು ಹಿಗ್ಗಿಸುವ ಒಂದು ಮಸೂರವನ್ನಿರಿಸಿ, ಮಾರಾಟಕ್ಕೆ ಮುನ್ನ ಎಲೆಯ ಅಡಿಭಾಗವನ್ನು ಪರೀಕ್ಷಿಸುವುದು ಉತ್ತಮ. ಸಂದೇಹವಿದ್ದಲ್ಲಿ ಎಲೆಯ ಮಾದರಿಯೊಡನೆ ಗ್ರಾಹಕರನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಬೇಕು. ಅಂದಿನ ಒಂದು ಮಾರಾಟ ತಪ್ಪಬಹುದು, ಗ್ರಾಹಕ ತಪ್ಪಿಹೋಗಲಾರ.