ನಿಲ್ದಾಣದ ಫಲಕದಲ್ಲಿ ಕಾಮಿಕ್ಸ್ ನಾಯಕರು

ಮೆಚ್ಚಿದ ಕಥೆಯ ಪಾತ್ರಗಳನ್ನೂ ಲಾಂಛನಗಳನ್ನೂ ಬಳಸಿ ಓದುಗರೇ ರಚಿಸುವ ಚಿತ್ರಗಳಿಗೆ ಅಭಿಮಾನಿ ಕಲೆ ಎಂದು ಹೆಸರು. ಈ ಕಲೆಯ ಒಂದು ಕವಲು ಕಾಮಿಕ್ಸ್ ಚಿತ್ರಗಳನ್ನು ನಗರ ಸಾರಿಗೆಯ ಫಲಕ, ನಕ್ಷೆ ಮತ್ತು ಸೂಚನಾಚಿಹ್ನೆಗಳೊಡನೆ ಬೆಸೆಯುತ್ತದೆ. ಬ್ಯಾಟ್‌ಮನ್ ವಾಸಿಸುವ ಗಾಥಮ್ ಎಂಬ ಕಲ್ಪಿತ ನಗರಕ್ಕೆ ಸುರಂಗ ರೈಲಿನ ನಕ್ಷೆ ಬರೆಯುವುದು, ನ್ಯೂಯಾರ್ಕಿನ ಫಲಕದಲ್ಲಿ ಮಾರ್ಗದ ಅಕ್ಷರವಿರುವೆಡೆ ಸ್ಪೈಡರ್‌ಮ್ಯಾನ್‌ನ ಜೇಡವನ್ನಿಡುವುದು ಇಂಥ ಪ್ರಯೋಗಗಳು. ಕಂಡೊಡನೆ ಗುರುತು ಹತ್ತಬೇಕೆಂಬ ಒಂದೇ ನಿಯಮಕ್ಕೆ ಈ ಎರಡೂ ಚಿತ್ರಭಾಷೆಗಳು ಬದ್ಧವಾಗಿರುವುದರಿಂದಲೇ ಈ ಬೆಸುಗೆ ಗಟ್ಟಿಯಾಗಿ ನಿಲ್ಲುತ್ತದೆ.

ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ 1908ರಲ್ಲಿ ಕೆಂಪು ಬಿಲ್ಲೆಯ ನಡುವೆ ನೀಲಿ ಪಟ್ಟಿಯಾಗಿ ಕಾಣಿಸಿಕೊಂಡ ಚಿಹ್ನೆಯೇ ಮುಂದೆ ರೌಂಡೆಲ್ ಎಂದು ಪ್ರಸಿದ್ಧವಾಯಿತು. ವಿದ್ಯುತ್ ಮಂಡಲಗಳ ನಕ್ಷೆ ಬರೆಯುತ್ತಿದ್ದ ಹ್ಯಾರಿ ಬೆಕ್ ಅವರು ರೈಲುಮಾರ್ಗಗಳನ್ನು ಅಡ್ಡ, ಉದ್ದ ಮತ್ತು 45 ಡಿಗ್ರಿಯ ಓರೆಗೆರೆಗಳಿಗೆ ಇಳಿಸಿ ರಚಿಸಿದ ನಕ್ಷೆ 1933ರಲ್ಲಿ ಪ್ರಯಾಣಿಕರ ಕೈಸೇರಿತು. ನ್ಯೂಯಾರ್ಕಿನಲ್ಲಿ ಮಾಸಿಮೊ ವಿನೆಲ್ಲಿ ಮತ್ತು ಬಾಬ್ ನೂರ್ಡಾ ಅವರ ತಂಡ ಸಿದ್ಧಪಡಿಸಿದ 1970ರ ಕೈಪಿಡಿಯು ಬಣ್ಣದ ವೃತ್ತದೊಳಗೆ ಮಾರ್ಗದ ಅಕ್ಷರವನ್ನೋ ಅಂಕಿಯನ್ನೋ ಬರೆಯುವ ಕ್ರಮಕ್ಕೆ ಶಿಸ್ತು ತಂದಿತು.

ಅಗ್ಗದ ಕಾಗದದ ಮೇಲೆ ಕೆಲವೇ ಬಣ್ಣಗಳಲ್ಲಿ ಅಚ್ಚಾಗುತ್ತಿದ್ದ ಕಾಮಿಕ್ಸ್ ಪುಸ್ತಕಗಳಿಗೂ ದಪ್ಪ ಗೆರೆ ಮತ್ತು ಛಾಯೆಯಿಲ್ಲದ ಗಾಢ ಬಣ್ಣ ಅನಿವಾರ್ಯವಾಗಿದ್ದವು. 1938ರಲ್ಲಿ ಬಂದ ಸೂಪರ್‌ಮ್ಯಾನ್‌ನ ಎದೆಯ ಮೇಲೆ ಅಕ್ಷರವೊಂದೇ ಲಾಂಛನವಾಯಿತು. ಬ್ಯಾಟ್‌ಮನ್‌ನ ಬಾವಲಿಯ ಸುತ್ತ 1964ರಲ್ಲಿ ಹಳದಿ ಅಂಡಾಕೃತಿ ಸೇರಿದಾಗ ಅದೂ ಒಂದು ಫಲಕದಂತೆಯೇ ಕಾಣತೊಡಗಿತು.

ಇವೆರಡನ್ನು ಕೂಡಿಸುವವರಿಗೆ ಸಂಯಮವೇ ಮುಖ್ಯ. ಫಲಕದ ಅಳತೆ, ಅಕ್ಷರರೂಪ ಮತ್ತು ಅಂಚಿನ ಗೆರೆಗಳನ್ನು ಇದ್ದಂತೆಯೇ ಉಳಿಸಿ ಒಂದೇ ಒಂದು ಅಂಶವನ್ನು ಬದಲಿಸಿದಾಗ ಮಾತ್ರ ನೋಡುವವರಿಗೆ ಎರಡೂ ಮೂಲಗಳು ಒಟ್ಟಿಗೆ ಹೊಳೆಯುತ್ತವೆ. ಚಿಹ್ನೆಯ ವ್ಯಾಕರಣ ಬಲ್ಲವರ ಕೈಯಲ್ಲಿ ಅರ್ಥ ಇನ್ನಷ್ಟು ಆಳವಾಗುತ್ತದೆ: ನ್ಯೂಯಾರ್ಕಿನ ಕೆಲವು ಮಾರ್ಗಗಳಲ್ಲಿ ವೃತ್ತವು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿಯನ್ನೂ ವಜ್ರಾಕೃತಿಯು ವೇಗದ ಗಾಡಿಯನ್ನೂ ಸೂಚಿಸುವುದರಿಂದ, ಓಟದಲ್ಲಿ ಎಣೆಯಿಲ್ಲದ ಫ್ಲ್ಯಾಶ್ ಎಂಬ ಕಾಮಿಕ್ಸ್ ನಾಯಕನ ಮಿಂಚಿನ ಲಾಂಛನಕ್ಕೆ ತಕ್ಕ ಮನೆ ವಜ್ರಾಕೃತಿಯೇ.

ಮಾನ್ಯ ಕಲಾವಿದರೂ ಇದೇ ನೆಲದಲ್ಲಿ ದುಡಿದಿದ್ದಾರೆ. ಸೈಮನ್ ಪ್ಯಾಟರ್ಸನ್ ಅವರು 1992ರ 'ದ ಗ್ರೇಟ್ ಬೇರ್' ಕೃತಿಯಲ್ಲಿ ಲಂಡನ್ ನಕ್ಷೆಯ ನಿಲ್ದಾಣಗಳಿಗೆ ತತ್ತ್ವಜ್ಞಾನಿಗಳ, ಆಟಗಾರರ, ನಟರ ಹೆಸರಿಟ್ಟರು. ಕಾಮಿಕ್ಸ್ ಶೈಲಿಯನ್ನು ಕಲಾ ಗ್ಯಾಲರಿಗಳಿಗೆ ಕೊಂಡೊಯ್ದ ರಾಯ್ ಲಿಕ್ಟನ್‌ಸ್ಟೈನ್ ಅವರ, 2002ರಲ್ಲಿ ಟೈಮ್ಸ್ ಸ್ಕ್ವೇರ್ ನಿಲ್ದಾಣದಲ್ಲಿ ಅಳವಡಿಸಲಾದ ಎನಾಮೆಲ್ ಭಿತ್ತಿಚಿತ್ರದಲ್ಲಿ ಭವಿಷ್ಯದ ರೈಲುಗಾಡಿ, ಕಾಮಿಕ್ಸ್ ನಾಯಕ ಬಕ್ ರೋಜರ್ಸ್ ಮತ್ತು ನಿಲ್ದಾಣದ 42 ಎಂಬ ಅಂಕಿ ಒಂದೇ ಚೌಕಟ್ಟಿನಲ್ಲಿ ನೆಲೆಸಿವೆ.

ರೌಂಡೆಲ್ ನೋಂದಾಯಿತ ವ್ಯಾಪಾರಮುದ್ರೆಯಾದುದರಿಂದ ಅದನ್ನು ಬಳಸುವ ಅಭಿಮಾನಿ ಚಿತ್ರಗಳ ಮಾರಾಟಕ್ಕೆ ಅನುಮತಿ ಬೇಕು. ಆದರೆ ಅವುಗಳ ಮೂಲಪ್ರೇರಣೆ ಮಾರಾಟವಲ್ಲ. ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ ಬೆಳೆದದ್ದು ಫಾರೆಸ್ಟ್ ಹಿಲ್ಸ್‌ನಲ್ಲಿ, ಮತ್ತು ಆ ಹೆಸರಿನ ನಿಲ್ದಾಣ ನ್ಯೂಯಾರ್ಕಿನಲ್ಲಿ ನಿಜವಾಗಿಯೂ ಇದೆ. ಅದರ ಫಲಕದ ಮೇಲೆ ಜೇಡವನ್ನು ಬರೆಯುವ ಅಭಿಮಾನಿಯು ಕಾಗದದ ನಾಯಕನಿಗೆ ಅವನ ಊರಿನ ವಿಳಾಸವನ್ನೇ ಮರಳಿ ಕೊಡುತ್ತಾನೆ.